ಎಸಿಯ ಡ್ರೇನ್ ಪೈಪ್ ಕಟ್ಟಿಕೊಳ್ಳದಂತೆ ನೋಡಿಕೊಳ್ಳುವ ಬಗೆ

ಗೋಡೆಗೆ ಹಾಕಿದ ಸ್ಪ್ಲಿಟ್ ಎಸಿಯಿಂದ ಕೋಣೆಯೊಳಗೆ ನೀರು ತೊಟ್ಟಿಕ್ಕತೊಡಗಿದರೆ ಯಂತ್ರವೇ ಕೆಟ್ಟಿತೆಂದು ಗಾಬರಿಪಡುವವರು ಬಹಳ. ಆದರೆ ಅನೇಕ ಸಲ ತೊಂದರೆಯಿರುವುದು ಹೊರಗೆ ಹೋಗುವ ಸಣ್ಣ ಡ್ರೇನ್ ಪೈಪಿನಲ್ಲಿ. ಕೋಣೆಯ ಗಾಳಿ ತಣ್ಣನೆಯ ಕೂಲಿಂಗ್ ಕಾಯಿಲ್‌ಗೆ ತಾಗಿದಾಗ ಅದರಲ್ಲಿನ ಆವಿ ನೀರಾಗಿ ಟ್ರೇಗೆ ಇಳಿಯುತ್ತದೆ, ಅಲ್ಲಿಂದ ಪೈಪಿನ ಮೂಲಕ ಹೊರಗೆ ಹರಿಯುತ್ತದೆ. ಫಿಲ್ಟರ್ ದಾಟಿ ಬಂದ ಧೂಳು ಈ ತೇವದಲ್ಲಿ ಪಾಚಿ, ಬೂಷ್ಟುಗಳ ಜೊತೆ ಸೇರಿ ಲೋಳೆಯಾಗಿ ಪೈಪಿನ ಒಳಮೈಗೆ ಅಂಟುತ್ತಾ ಹೋಗುತ್ತದೆ.

ಸ್ವಚ್ಛಗೊಳಿಸುವುದಕ್ಕೂ ಮೊದಲು ಪೈಪಿನ ಇಳಿಜಾರನ್ನು ನೋಡಬೇಕು. ಗೋಡೆಯ ಎಸಿಗಳಲ್ಲಿ ಸಾಮಾನ್ಯವಾಗಿ ಪಂಪ್ ಇರುವುದಿಲ್ಲವಾದ್ದರಿಂದ ನೀರು ತಾನಾಗಿಯೇ ಇಳಿದು ಹೋಗಬೇಕು. ಇದಕ್ಕೆ ಪ್ರತಿ ಮೀಟರಿಗೆ ಕನಿಷ್ಠ 1 ಸೆಂಟಿಮೀಟರಿನಷ್ಟಾದರೂ ಇಳುಕಲು ಬೇಕು. ನಡುವೆ ಜೋತುಬಿದ್ದು ಮತ್ತೆ ಮೇಲೇರುವ ಪೈಪಿನಲ್ಲಿ ನೀರು ನಿಂತೇ ಇರುತ್ತದೆ, ಲೋಳೆ ಮೊದಲು ಬೆಳೆಯುವುದೂ ಅಲ್ಲಿಯೇ. ಅಂಥ ಪೈಪನ್ನು ಎಷ್ಟು ಸಲ ತೊಳೆದರೂ ಅದು ಮತ್ತೆ ಕಟ್ಟಿಕೊಳ್ಳುತ್ತದೆ. ಕ್ಲಾಂಪ್ ಹಾಕಿ ನೇರಗೊಳಿಸುವುದೇ ಸರಿಯಾದ ದಾರಿ. ಪೈಪಿನ ತುದಿ ಬಕೆಟ್ಟಿನ ನೀರಿನಲ್ಲಿ ಮುಳುಗಿದ್ದರೂ ಗಾಳಿ ಹೊರಬರಲಾಗದೆ ನೀರು ಒಳಗೇ ತಡೆಯಬಹುದು. ತುದಿಯಲ್ಲಿ ಕೀಟಗಳು ಮಣ್ಣಿನ ಗೂಡು ಕಟ್ಟಿರುವುದೂ ಉಂಟು.

ತೊಳೆಯುವಾಗ ಮೊದಲು ಎಸಿಗೆ ವಿದ್ಯುತ್ ಕೊಡುವ ಎಂಸಿಬಿ ಸ್ವಿಚ್ಚನ್ನೇ ಆಫ್ ಮಾಡಬೇಕು, ರಿಮೋಟ್‌ನಲ್ಲಿ ನಿಲ್ಲಿಸಿದರೆ ಸಾಲದು. ಒದ್ದೆ ಕಸವನ್ನೂ ಎಳೆಯಬಲ್ಲ ವ್ಯಾಕ್ಯೂಮ್ ಕ್ಲೀನರ್ ಇದ್ದರೆ ಅದರ ಕೊಳವೆಯನ್ನು ಡ್ರೇನ್ ಪೈಪಿನ ಹೊರತುದಿಗೆ ಹಿಡಿದು, ಸಂದಿನಲ್ಲಿ ಗಾಳಿ ನುಗ್ಗದಂತೆ ಒದ್ದೆ ಬಟ್ಟೆ ಸುತ್ತಿ, ಒಂದೆರಡು ನಿಮಿಷ ಎಳೆಯಬೇಕು. ಕಂದು ಬಣ್ಣದ ಲೋಳೆ ಹಗ್ಗದ ಎಳೆಯಂತೆ ಉದ್ದಕ್ಕೆ ಹೊರಬಂದರೆ ಕೆಲಸ ಸರಿಯಾಗಿ ಆಗುತ್ತಿದೆ ಎಂದರ್ಥ. ಹೊರಗಿನಿಂದ ಜೋರಾಗಿ ಗಾಳಿ ಊದುವುದನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಕಸವೆಲ್ಲ ಹಿಂದಿರುಗಿ ಟ್ರೇಗೆ ಸೇರುವುದಲ್ಲದೆ ಒಳಗಿನ ಜೋಡಣೆಯೂ ಬಿಟ್ಟುಕೊಳ್ಳಬಹುದು.

ಬಳಿಕ ಫಿಲ್ಟರ್ ತೆಗೆದು, ಸರ್ಕ್ಯೂಟ್ ಬೋರ್ಡ್ ಇರುವ ಬದಿಯಿಂದ ಸಾಕಷ್ಟು ದೂರದಲ್ಲಿ, ಅರ್ಧ ಲೀಟರ್ ನೀರನ್ನು ಕಾಯಿಲ್ ಮೇಲೆ ನಿಧಾನವಾಗಿ ಇಳಿಬಿಡಿ. ಅದು ತಡೆಯಿಲ್ಲದೆ ಹೊರಗೆ ಬಂದರೆ ಪೈಪ್ ತೆರೆದಿದೆ. ಟ್ರೇ ಕೈಗೆಟುಕುವಂತಿದ್ದರೆ ಸಮಪಾಲು ನೀರು ಬೆರೆಸಿದ ಬಿಳಿ ವಿನೆಗರನ್ನು ಅದಕ್ಕೇ ಸುರಿದು, ಅರ್ಧ ಗಂಟೆಯ ನಂತರ ಬರೀ ನೀರಿನಿಂದ ತೊಳೆಯಬಹುದು. ಚರಂಡಿ ಬಿಡಿಸುವ ಕ್ಷಾರದ ಪುಡಿ ಕಾಯಿಲ್‌ನ ಅಲ್ಯೂಮಿನಿಯಂ ಫಿನ್‌ಗಳನ್ನು (ತೆಳು ಪಟ್ಟಿಗಳನ್ನು) ತಿಂದುಹಾಕುತ್ತದೆ. ಕುದಿಯುವ ನೀರಿಗೆ ಪಿವಿಸಿ ಪೈಪ್ ಮೆತ್ತಗಾಗುತ್ತದೆ. ವಿನೆಗರ್ ಜೊತೆ ಬ್ಲೀಚ್ ಸೇರಿದರೆ ವಿಷಕಾರಿ ಕ್ಲೋರಿನ್ ಅನಿಲ ಹುಟ್ಟುವುದರಿಂದ ಎರಡನ್ನೂ ಒಟ್ಟಿಗೆ ಎಂದೂ ಬಳಸಬಾರದು.

ಎಸಿಯನ್ನು ದಿನವೂ ಬಳಸುವ ತಿಂಗಳುಗಳಲ್ಲಿ ಎರಡು ವಾರಕ್ಕೊಮ್ಮೆ ಫಿಲ್ಟರ್ ತೊಳೆದರೆ ಲೋಳೆಗೆ ಬೇಕಾದ ಧೂಳೇ ಕಡಿಮೆಯಾಗುತ್ತದೆ. ತೇವದ ದಿನಗಳಲ್ಲಿ ಎಸಿ ಗಂಟೆಗಟ್ಟಲೆ ಓಡಿದರೂ ಹೊರಗಿನ ತುದಿಯಿಂದ ಹನಿಯೂ ಬೀಳದಿದ್ದರೆ ಒಳಗೆ ಸೋರುವವರೆಗೆ ಕಾಯದೆ ಪೈಪನ್ನು ನೋಡಬೇಕು. ಒಣ ಹವೆಯಲ್ಲಿ ನೀರು ಕಡಿಮೆ ಬರುವುದು ಸಹಜ. ಪೈಪ್ ಚೊಕ್ಕಟವಾಗಿದ್ದೂ ಒಳಗೆ ನೀರು ಬೀಳುತ್ತಿದ್ದು, ಕಾಯಿಲ್ ಮೇಲೆ ಮಂಜುಗಡ್ಡೆ ಕಂಡರೆ, ಅದು ಗ್ಯಾಸ್ ಕಡಿಮೆಯಾಗಿರುವುದರಿಂದಲೋ ಗಾಳಿಯ ಹರಿವು ಕುಂದಿರುವುದರಿಂದಲೋ ಆಗಿರಬಹುದು. ಫಿಲ್ಟರ್ ತೊಳೆದ ಮೇಲೂ ಮಂಜುಗಡ್ಡೆ ಕಟ್ಟುತ್ತಿದ್ದರೆ ಎಸಿ ನಿಲ್ಲಿಸಿ ಮೆಕ್ಯಾನಿಕ್‌ನನ್ನು ಕರೆಸಬೇಕು.