ಓದಲು ಬರಲ್ಲ ಅಂದರೆ ಏನು ಬರಲ್ಲ?

ನಮ್ಮದು ಐದು ಜನ ಶಿಕ್ಷಕರಿರುವ ಸರ್ಕಾರಿ ಶಾಲೆ. ನಾನು ನಾಲ್ಕು ಮತ್ತು ಐದನೇ ತರಗತಿಗೆ ಕನ್ನಡ ಹೇಳಿಕೊಡುತ್ತೇನೆ.

ಐದನೇ ತರಗತಿಯ ಒಬ್ಬ ಹುಡುಗ ಪಾಠವನ್ನು ಗಡಗಡ ಓದುತ್ತಿದ್ದ. ಅವನ ಬಗ್ಗೆ ನನಗೆ ಚಿಂತೆಯೇ ಇರಲಿಲ್ಲ. ಒಂದು ದಿನ ಗಣಿತದ ಮೇಷ್ಟ್ರು ಕೇಳಿದರು, "ಮೇಡಂ, ಬಾಯಲ್ಲಿ ಹೇಳಿದ ಲೆಕ್ಕ ತಕ್ಷಣ ಮಾಡ್ತಾನೆ. ಬರೆದುಕೊಟ್ಟರೆ ಸುಮ್ನೆ ಕೂರ್ತಾನೆ. ಯಾಕೆ?" ಅವನು ನೋಡಿರದ ನಾಲ್ಕು ಸಾಲು ಬರೆದು ಕೊಟ್ಟೆ. ಓದಲಾಗಲಿಲ್ಲ. ಇಷ್ಟು ದಿನ ಪಕ್ಕದವರು ಓದಿದ್ದನ್ನು ಕೇಳಿ ಬಾಯಿಪಾಠ ಮಾಡಿಕೊಂಡಿದ್ದ. ನನಗೆ ತುಂಬಾ ಸಂಕಟವಾಯಿತು.

ಮುಖ್ಯ ಶಿಕ್ಷಕರ ಜೊತೆ ಮಾತಾಡಿ, ಶನಿವಾರ ಮಕ್ಕಳು ಮನೆಗೆ ಹೋದ ಮೇಲೆ ಶಿಕ್ಷಕರೆಲ್ಲರೂ ಅರ್ಧ ಗಂಟೆ ಕೂತು ಮಾತಾಡುವುದು ಅಂತ ಮಾಡಿಕೊಂಡೆವು. ಹಳ್ಳಿ ಮಕ್ಕಳ ಓದು, ಲೆಕ್ಕ ಎಷ್ಟಿದೆ ಅಂತ ನೋಡುವ ಅಸರ್ ಸಮೀಕ್ಷೆಯ ಹಾಗೆ ಒಬ್ಬೊಬ್ಬ ಮಗುವಿಗೂ ಅಕ್ಷರ, ಪದ, ಸಣ್ಣ ಪ್ಯಾರಾ, ಕಥೆ ಓದಿಸಿದೆವು. ಆದರೆ ಯಾರೂ ತಮ್ಮ ತರಗತಿಯ ಮಕ್ಕಳನ್ನು ಓದಿಸುವಂತಿಲ್ಲ. ನಮ್ಮ ಮಕ್ಕಳು ತಡವರಿಸಿದರೆ ನಮ್ಮ ತುಟಿ ತಾನಾಗಿ ಆಡುತ್ತದೆ, ಅಲ್ವಾ? ಮಗು ಅದನ್ನೇ ನೋಡಿ ಹೇಳಿಬಿಡುತ್ತದೆ.

ಎಲ್ಲಿ ನಿಂತರು, ಹೇಗೆ ತಪ್ಪಿದರು ಅಂತ ಒಂದೇ ನೋಟ್‌ಬುಕ್ಕಿನಲ್ಲಿ ಬರೆದೆವು. ಜಾಸ್ತಿ ಮಕ್ಕಳು ಒತ್ತಕ್ಷರದಲ್ಲಿ ಸಿಕ್ಕಿಕೊಂಡಿದ್ದರು. 'ಅಕ್ಕ' ಅವರಿಗೆ 'ಅಕ'. ಕಣ್ಣು ಸಾಲಿನ ಮೇಲೆ ಓಡುತ್ತದೆ, ಕೆಳಗಿನ ಒತ್ತು ತಪ್ಪಿಹೋಗುತ್ತದೆ. ಅರ್ಕಾವತ್ತು ಇನ್ನೂ ಕಷ್ಟ. 'ಸೂರ್ಯ'ದಲ್ಲಿ ಆ ಗುರುತು ಕೊನೆಗೆ ಬರುತ್ತದೆ, ಆದರೆ ಅದರ ಸದ್ದು 'ಯ'ಗಿಂತ ಮೊದಲು. ಇದನ್ನು ಬಿಡಿಸಿ ಹೇಳದೆ ನಾನು ಎಷ್ಟು ವರ್ಷ ಪಾಠ ಮಾಡಿದೆನೋ!

ಪ್ರಾರ್ಥನೆ ಮುಗಿದ ಮೇಲೆ ಅವರಿಗೆ ದಿನಾ 20 ನಿಮಿಷ ಬೇರೆ ಓದು ಶುರುವಾಯಿತು. ಚಪ್ಪಾಳೆ ತಟ್ಟಿ 'ಅಕ್-ಕ' ಅಂತ ಸದ್ದು ಒಡೆಯುವುದು, ಆಮೇಲೆ ಒತ್ತಿನ ಮೇಲೆ ಬೆರಳಿಡುವುದು. ಚಿಕ್ಕ ತರಗತಿಗಳಿಗೆ ಕಾರ್ಡು, ಚಟುವಟಿಕೆಗಳಿಂದ ಕಲಿಸುವ ನಲಿ-ಕಲಿ ಟೀಚರ್ ತಮ್ಮ ಕಾರ್ಡು ಕೊಟ್ಟರು. ನಮ್ಮ ಹುಡುಗ ಮುಟ್ಟಲಿಲ್ಲ. ಚಿಕ್ಕ ಮಕ್ಕಳ ಕಾರ್ಡು ಅಂತ ನಾಚಿಕೆ. ಅವನಿಗೆ ಗೊತ್ತಿರುವ ಕಬ್ಬು, ಬಸ್ಸು, ಮೆಕ್ಕೆಜೋಳವನ್ನೇ ಬರೆದುಕೊಟ್ಟೆ. ಆಗ ಹತ್ತಿರ ಬಂದು ಕೂತ.

ಎಲ್ಲರ ತೊಡಕೂ ಇದೇ ಅಲ್ಲ. ಒಬ್ಬ ಹುಡುಗಿಯ ವಿಷಯ ಹಿಡಿದವರು ಬಿಸಿಯೂಟದ ಅಕ್ಕ. "ತಟ್ಟೆ ಮುಖದ ಹತ್ರ ತಗೊಂಡು ನೋಡ್ತಾಳೆ ಮಿಸ್, ಕಣ್ಣು ತೋರಿಸಿ" ಅಂದರು. ಕನ್ನಡಕ ಬಂತು, ಓದೂ ಬಂತು. ತಾಂಡಾದ ಇಬ್ಬರು ಮಕ್ಕಳು ಸರಾಗ ಓದುತ್ತಿದ್ದರು, ಅರ್ಥ ಮಾತ್ರ ಆಗುತ್ತಿರಲಿಲ್ಲ. ಏಳನೇ ತರಗತಿಯ ಅವರ ಊರಿನ ಹುಡುಗಿಯೇ ಪಕ್ಕದಲ್ಲಿ ಕೂತು ಲಂಬಾಣಿಯಲ್ಲಿ ಕಥೆ ಬಿಡಿಸಿ ಹೇಳುತ್ತಾಳೆ.

ಆರು ತಿಂಗಳಾದರೂ ಒಬ್ಬನಿಗೆ ಮಾತ್ರ ಅಕ್ಷರಗಳೇ ನಿಲ್ಲಲಿಲ್ಲ. ಕಥೆ ಕೇಳಿಸಿದರೆ ಒಂದೂ ಬಿಡದೆ ಹೇಳುತ್ತಾನೆ. ತಾಲ್ಲೂಕಿನ ವಿಶೇಷ ಶಿಕ್ಷಕರನ್ನು ಕರೆಸಿದೆವು. ಕಲಿಕಾ ನ್ಯೂನತೆ, ಅಂದರೆ ಬುದ್ಧಿ ಚುರುಕಿದ್ದರೂ ಓದು ಬರಹ ಮಾತ್ರ ಕಷ್ಟವಾಗುವ ತೊಂದರೆ ಇರಬಹುದು, ತಪಾಸಣೆ ಮಾಡಿಸಿ ಅಂದರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಇದೂ ಸೇರಿದೆ. ಅವನ ತಾಯಿ ಕೇಳಿದ್ದು ಒಂದೇ: "ನನ್ನ ಮಗ ದಡ್ಡನಾ ಮಿಸ್?" "ಅಲ್ಲಮ್ಮಾ" ಅಂದೆ. ಅವನಿಂದಲೇ ಅವತ್ತಿನ ಕಥೆ ಹೇಳಿಸಿದೆ. ಆಕೆ ಪೂರ್ತಿ ಕೇಳಿಸಿಕೊಂಡರು.

ಆ ತಪಾಸಣೆ ಇನ್ನೂ ಆಗಬೇಕು. ಅಲ್ಲಿಯವರೆಗೆ ತರಗತಿಯ ಪ್ರಶ್ನೆಗಳಿಗೆ ಅವನು ಬಾಯಲ್ಲೇ ಉತ್ತರ ಹೇಳುತ್ತಾನೆ, ಗಣಿತದ ಮೇಷ್ಟ್ರು ಬರೆದುಕೊಳ್ಳುತ್ತಾರೆ.