ಗಪ್ಪಿ ಮರಿಗಳಿಗೊಂದು ತೊಟ್ಟಿ: ಒಂದು ತಿಂಗಳು ಮೊದಲೇ ಶುರುಮಾಡಿ

ಗಪ್ಪಿ ಮೀನು ಮೊಟ್ಟೆಯಿಡುವುದಿಲ್ಲ, ಮರಿ ಹಾಕುತ್ತದೆ. ಒಂದು ಬೆಳಿಗ್ಗೆ ಅಕ್ವೇರಿಯಂನ ದೀಪ ಹಾಕಿದಾಗ ಗಾಜಿನ ಮೂಲೆಯಲ್ಲಿ, ನೀರಿನ ಮೇಲ್ಮೈಗೆ ಅಂಟಿಕೊಂಡಂತೆ, ಅಕ್ಕಿಕಾಳಿನಷ್ಟು ಉದ್ದದ, ಎರಡು ಕಪ್ಪು ಕಣ್ಣುಗಳು ಮಾತ್ರ ಎದ್ದು ಕಾಣುವ ಜೀವಗಳು ಕಂಡರೆ, ಅವು ರಾತ್ರಿ ಹುಟ್ಟಿದ ಮರಿಗಳೆಂದು ತಿಳಿಯಬೇಕು. ಅಂದು ಸಂಜೆಯ ಹೊತ್ತಿಗೆ ಅವುಗಳಲ್ಲಿ ಬಹುಪಾಲು ಉಳಿದಿರುವುದಿಲ್ಲ; ಹೆತ್ತ ತಾಯಿಯೂ ಸೇರಿದಂತೆ ದೊಡ್ಡ ಮೀನುಗಳು ತಿಂದುಬಿಟ್ಟಿರುತ್ತವೆ. ಇದನ್ನು ಕಂಡವರು ಗಾಬರಿಯಿಂದ ಮರಿಗಳನ್ನು ಬಾಟಲಿಗೋ ಬೋಗುಣಿಗೋ ಎತ್ತಿ ಹಾಕುತ್ತಾರೆ. ಅಲ್ಲಿಯೂ ಅವು ವಾರ ತುಂಬುವುದರೊಳಗೆ ಒಂದೊಂದಾಗಿ ಸಾಯತೊಡಗುತ್ತವೆ. ಅವಕ್ಕೆ ರೋಗವೇನೂ ಬಂದಿರುವುದಿಲ್ಲ; ಆ ನೀರು ಅವುಗಳನ್ನು ಸಾಕುವ ಹದಕ್ಕೆ ಬಂದಿರುವುದಿಲ್ಲ, ಅಷ್ಟೆ. ಆದ್ದರಿಂದ ಮರಿಗಳ ತೊಟ್ಟಿಗೆ ಮರಿ ಹುಟ್ಟುವ ಒಂದು ತಿಂಗಳು ಮೊದಲೇ ನೀರು ತುಂಬಬೇಕು. ಈ ಲೇಖನದ ಉಳಿದೆಲ್ಲ ಸೂಚನೆಗಳಿಗಿಂತ ನಾನು ಹೆಚ್ಚು ಒತ್ತಿ ಹೇಳಬಯಸುವುದು ಇದನ್ನೇ.

ತೊಟ್ಟಿ ಮತ್ತು ಅದರ ಜಾಗ

ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ಗಾಜಿನ ತೊಟ್ಟಿ ಮನೆಗೆ ಸಾಕು. ಅಂಚಿನವರೆಗೆ ತುಂಬಿದರೆ ಅದರಲ್ಲಿ ಸುಮಾರು 55 ಲೀಟರ್ ನೀರು ಹಿಡಿಯುತ್ತದೆ, ಅಂದರೆ ನೀರಿನ ತೂಕವೇ 55 ಕಿಲೊ. ಗಾಜಿನ ತೂಕ ಬೇರೆ. ಅಲುಗಾಡುವ ಟೀಪಾಯಿ ಇದನ್ನು ತಡೆಯಲಾರದು. ಇದಕ್ಕಿಂತ ತೀರ ಚಿಕ್ಕ ತೊಟ್ಟಿಯಲ್ಲಿ ನೀರು ಬೇಗ ಕೆಡುತ್ತದೆ, ಹಗಲಿಗೂ ರಾತ್ರಿಗೂ ಬಿಸಿ ಏರಿಳಿಯುತ್ತದೆ. ತೀರ ದೊಡ್ಡದರಲ್ಲಿ ಹಾಕಿದ ಆಹಾರ ಹರಡಿಹೋಗಿ ಮರಿಗಳ ಬಾಯಿಗೆ ಸಿಗುವುದಿಲ್ಲ. ಎತ್ತರದ ತೊಟ್ಟಿಗಿಂತ ಉದ್ದನೆಯದು ಒಳ್ಳೆಯದು, ಏಕೆಂದರೆ ಗಾಳಿ ನೀರಿಗೆ ಸೇರುವುದು ಮೇಲ್ಮೈಯಿಂದ.

ತೊಟ್ಟಿಯ ಅಡಿಗೆ ಥರ್ಮಾಕೋಲ್ ಹಾಳೆ ಹಾಸಿ, ನೇರ ಬಿಸಿಲು ಬೀಳದ ಕಡೆ ಇಡಿ. ಹೊಸ ತೊಟ್ಟಿಯನ್ನು ಕಲ್ಲುಪ್ಪಿನಿಂದ ಉಜ್ಜಿ ತೊಳೆಯಬೇಕೇ ಹೊರತು ಸೋಪು ಮುಟ್ಟಿಸಬಾರದು. ಒಂದು ದಿನ ನೀರು ತುಂಬಿಟ್ಟು ಎಲ್ಲಾದರೂ ಸೋರುತ್ತದೆಯೇ ಎಂದು ನೋಡಿಕೊಳ್ಳಿ. ತಳಕ್ಕೆ ಜಲ್ಲಿ, ಬಣ್ಣದ ಕಲ್ಲು ಏನೂ ಬೇಡ. ನೋಡಲು ತಳ ಬೋಳಾಗಿ ಕಾಣುತ್ತದೆ ನಿಜ, ಆದರೆ ಉಳಿದ ಆಹಾರ ಕಲ್ಲಿನ ಸಂದಿಗೆ ಇಳಿದು ಕೊಳೆಯುವ ಅಪಾಯ ಇರುವುದಿಲ್ಲ. ಪ್ರತಿದಿನ ಎಷ್ಟು ಕಸ ಕೂತಿದೆಯೆಂಬುದು ಕಣ್ಣಿಗೇ ಕಾಣುತ್ತದೆ.

ನೀರನ್ನು ಹದಕ್ಕೆ ತರುವುದು

ಮೀನಿನ ಉಸಿರು, ಹಿಕ್ಕೆ ಮತ್ತು ಕೊಳೆತ ಆಹಾರದಿಂದ ನೀರಿನಲ್ಲಿ ಅಮೋನಿಯಾ ಸೇರುತ್ತದೆ. ಇದು ಮರಿಗಳ ಕಿವಿರುಗಳನ್ನು ಸುಡುವ ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಇದನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತವೆ, ಅದೂ ವಿಷವೇ. ಇನ್ನೊಂದು ಬಗೆಯವು ನೈಟ್ರೈಟನ್ನು ನೈಟ್ರೇಟ್ ಆಗಿಸುತ್ತವೆ. ನೈಟ್ರೇಟ್ ಮಿತಿಯಲ್ಲಿದ್ದರೆ ಮೀನು ತಾಳಿಕೊಳ್ಳುತ್ತದೆ, ಆಗಾಗ ನೀರು ಬದಲಿಸಿದರೆ ಹೊರಗೂ ಹೋಗುತ್ತದೆ. ಈ ಬ್ಯಾಕ್ಟೀರಿಯಾಗಳು ನೆಲೆಸಿ ಸಾಕಷ್ಟು ಹೆಚ್ಚಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ನೀರು ಕನ್ನಡಿಯಂತೆ ತಿಳಿಯಾಗಿದ್ದರೂ ಅದರಲ್ಲಿ ಅಮೋನಿಯಾ ತುಂಬಿರಬಹುದು, ಆದ್ದರಿಂದ ಕಣ್ಣನ್ನು ನಂಬುವಂತಿಲ್ಲ.

ಬ್ಯಾಕ್ಟೀರಿಯಾಗಳಿಗೆ ಮನೆಯಾಗುವುದು ಸ್ಪಾಂಜ್ ಫಿಲ್ಟರ್. ಏರ್ ಪಂಪ್‌ನಿಂದ ನಡೆಯುವ ಈ ಸರಳ ಸಾಧನ ನೀರನ್ನು ನಿಧಾನವಾಗಿ ಎಳೆಯುವುದರಿಂದ ಮರಿಗಳು ಅದಕ್ಕೆ ಸಿಕ್ಕಿಕೊಳ್ಳುವುದಿಲ್ಲ; ಮೋಟರಿನ ಫಿಲ್ಟರ್‌ಗಳು ಮೊದಲ ದಿನವೇ ಅರ್ಧ ಮರಿಗಳನ್ನು ನುಂಗಬಲ್ಲವು. ಮನೆಯಲ್ಲಿ ಈಗಾಗಲೇ ದೊಡ್ಡ ಮೀನುಗಳ ಅಕ್ವೇರಿಯಂ ಇದ್ದರೆ, ಹೊಸ ಸ್ಪಾಂಜ್ ಫಿಲ್ಟರನ್ನು ಒಂದು ತಿಂಗಳು ಅದರಲ್ಲೇ ಓಡಿಸಿ, ನಂತರ ಮರಿಗಳ ತೊಟ್ಟಿಗೆ ವರ್ಗಾಯಿಸುವುದೇ ಅತ್ಯುತ್ತಮ ದಾರಿ. ಹಳೆಯ ತೊಟ್ಟಿ ಇಲ್ಲದವರು ಖಾಲಿ ತೊಟ್ಟಿಯಲ್ಲೇ ಫಿಲ್ಟರ್ ಓಡಿಸುತ್ತ, ಮೀನಿದೆ ಎಂಬಂತೆ ದಿನವೂ ಒಂದು ಚಿಟಿಕೆ ಮೀನಿನ ಆಹಾರ ಹಾಕುತ್ತ ಬರಬೇಕು. ನೀರು ಪರೀಕ್ಷಿಸುವ ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ ಮತ್ತು ನೈಟ್ರೈಟ್ ಮೊದಲು ಏರಿ, ಬಳಿಕ ಎರಡೂ ಸೊನ್ನೆಗೆ ಇಳಿದ ದಿನ ತೊಟ್ಟಿ ಸಿದ್ಧವಾಯಿತೆಂದು ಅರ್ಥ.

ಯಾವ ನೀರು ಎಂಬುದು ಊರಿನ ಮೇಲೆ ಹೋಗುತ್ತದೆ. ಬೆಂಗಳೂರಿನ ಕಾವೇರಿ ನೀರಿನಂತಹ ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಅದು ಮೀನಿಗೂ ಬ್ಯಾಕ್ಟೀರಿಯಾಗೂ ಒಗ್ಗದು. ಅಗಲ ಬಾಯಿಯ ಬಕೆಟ್ಟಿನಲ್ಲಿ 24 ಗಂಟೆ ತೆರೆದಿಟ್ಟು, ಆಗದಿದ್ದರೆ ಅಂಗಡಿಯಲ್ಲಿ ಸಿಗುವ ಆಂಟಿ-ಕ್ಲೋರಿನ್ ದ್ರಾವಣವನ್ನು ಡಬ್ಬಿಯ ಮೇಲಿನ ಅಳತೆಯಂತೆ ಸೇರಿಸಿ ಬಳಸಬೇಕು. ಬೋರ್‌ವೆಲ್ ನೀರು ಗಡಸು ಎಂದು ಹಿಂಜರಿಯಬೇಕಿಲ್ಲ, ಗಪ್ಪಿಗೆ ಗಡಸು ನೀರೇ ಇಷ್ಟ. ಒಂದು ರಾತ್ರಿ ಗಾಳಿಯಾಡಿಸಿ ಹಾಕಿದರೆ ಸಾಕು. ಕರಾವಳಿಯ ಮುರಕಲ್ಲಿನ ನೆಲದ ಬಾವಿನೀರು ಮೆದುವಾಗಿ, ಸ್ವಲ್ಪ ಆಮ್ಲೀಯವಾಗಿ ಇರುವುದರಿಂದ, ತೊಳೆದು ಒಡೆದ ಕಪ್ಪೆಚಿಪ್ಪುಗಳನ್ನು ಸಣ್ಣ ಬಟ್ಟೆಯ ಗಂಟಿನಲ್ಲಿ ಕಟ್ಟಿ ತೊಟ್ಟಿಯಲ್ಲಿ ಇಳಿಬಿಡುವುದು ಒಳ್ಳೆಯದು. ಲವಣಗಳನ್ನು ಕಳೆದುಕೊಂಡ ಆರ್‌ಒ ನೀರನ್ನು ಮಾತ್ರ ಬೇರೆ ನೀರು ಬೆರೆಸದೆ ಬಳಸಬೇಡಿ.

ಬಿಸಿ 24ರಿಂದ 28 ಡಿಗ್ರಿ ಸೆಲ್ಸಿಯಸ್ ಇರಬೇಕು. ಬೆಂಗಳೂರು, ಮೈಸೂರು, ಮಡಿಕೇರಿ ಕಡೆಯ ಚಳಿಗಾಲದ ರಾತ್ರಿಗಳಿಗೆ 50 ವ್ಯಾಟ್‌ನ ಥರ್ಮೋಸ್ಟಾಟ್ ಹೀಟರ್ ಬೇಕಾಗುತ್ತದೆ. ಮಂಗಳೂರಿನಲ್ಲಿ ಅದರ ಅಗತ್ಯ ಬೀಳುವುದಿಲ್ಲ. ಕರೆಂಟು ಹೋಗುವ ವಿಚಾರವನ್ನೂ ಮೊದಲೇ ಯೋಚಿಸಿ. ಏರ್ ಪಂಪ್ ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ, ಪಂಪ್ ನಿಂತೊಡನೆ ನೀರು ಕೊಳವೆಯಲ್ಲಿ ಹಿಂದಕ್ಕೆ ಹರಿದು ಪಂಪಿನೊಳಗೆ ಸೇರಬಹುದು. ಪಂಪನ್ನು ತೊಟ್ಟಿಗಿಂತ ಎತ್ತರದಲ್ಲಿ ಇಡಿ, ಇಲ್ಲವೇ ಕೊಳವೆಗೆ ನಾನ್-ರಿಟರ್ನ್ ವಾಲ್ವ್ ಹಾಕಿಸಿ.

ಗಿಡ, ತಾಯಿ ಮೀನು

ಒಂದು ಹಿಡಿ ಜಾವಾ ಮಾಸ್ ಎಂಬ ನೀರಿನ ಗಿಡ ಮರಿಗಳಿಗೆ ಅಡಗುತಾಣವೂ ಹೌದು, ಊಟದ ತಟ್ಟೆಯೂ ಹೌದು. ಅದರ ಎಳೆಗಳ ಮೇಲೆ ಬೆಳೆಯುವ ಕಣ್ಣಿಗೆ ಕಾಣದ ಜೀವಿಗಳನ್ನು ಮರಿಗಳು ದಿನವಿಡೀ ಕೆದಕಿ ತಿನ್ನುತ್ತವೆ. ತರುವಾಗ ಬಿಳಿಯ ತಟ್ಟೆಯಲ್ಲಿ ಹರಡಿ, ನೀರು ಹೊಯ್ದು, ಒಂದೊಂದು ಎಳೆಯನ್ನೂ ನೋಡಿ. ಕೊಡತಿ ಕೀಟ, ಏರೋಪ್ಲೇನ್ ಚಿಟ್ಟೆ ಎಂದು ಮಕ್ಕಳು ಕರೆಯುವ ಡ್ರ್ಯಾಗನ್‌ಫ್ಲೈನ ಮರಿಹುಳು ಹೀಗೆ ಗಿಡದೊಡನೆ ಬಂದರೆ, ಮರಿಮೀನುಗಳನ್ನು ಹಿಡಿದು ತಿನ್ನುತ್ತದೆ.

ಗಪ್ಪಿ ಸುಮಾರು ನಾಲ್ಕು ವಾರಕ್ಕೊಮ್ಮೆ ಮರಿ ಹಾಕುತ್ತದೆ. ದಿನ ತುಂಬಿದ ತಾಯಿಯ ಹೊಟ್ಟೆ ಮುಂಭಾಗದಲ್ಲಿ ಚೌಕಾಕಾರವಾಗಿ ಉಬ್ಬುತ್ತದೆ, ಬಾಲದ ಕಡೆಗಿರುವ ಕಪ್ಪು ಮಚ್ಚೆ ದಟ್ಟವಾಗುತ್ತದೆ. ತಿಳಿಬಣ್ಣದ ಮೀನಾದರೆ ಆ ಮಚ್ಚೆಯೊಳಗೆ ಮರಿಗಳ ಕಣ್ಣುಗಳೇ ಚುಕ್ಕೆಗಳಾಗಿ ಕಾಣುವುದುಂಟು. ಎರಡು ಮೂರು ದಿನ ಮೊದಲೇ ತಾಯಿಯನ್ನು ಮರಿಗಳ ತೊಟ್ಟಿಗೆ ತಂದು, ಹೆರಿಗೆ ಮುಗಿದೊಡನೆ ವಾಪಸು ಕಳಿಸಿ. ಅಂಗೈ ಅಗಲದ ಪ್ಲಾಸ್ಟಿಕ್ ಹೆರಿಗೆ ಪೆಟ್ಟಿಗೆಗಳು ಅಂಗಡಿಯಲ್ಲಿ ಸಿಗುತ್ತವೆ. ಅದರಲ್ಲಿ ತಿರುಗಲೂ ಜಾಗವಿಲ್ಲದೆ ತಾಯಿ ಬಳಲುವುದನ್ನು ಕಂಡ ಮೇಲೆ ನಾನು ಅದನ್ನು ಯಾರಿಗೂ ಶಿಫಾರಸು ಮಾಡುವುದಿಲ್ಲ.

ಆಹಾರ

ನನ್ನ ಮೊದಲ ಸೂಲಿನ ಮರಿಗಳಿಗೆ ಬೇಯಿಸಿದ ಮೊಟ್ಟೆಯ ಹಳದಿಯನ್ನು ಬಟ್ಟೆಯಲ್ಲಿ ಸೋಸಿ ಹಾಕಿದ್ದೆ. ಹಳೆಯ ಪದ್ಧತಿ ಅದು, ಮರಿಗಳೂ ಆಸೆಯಿಂದ ತಿಂದವು. ಆದರೆ ತಿನ್ನದೆ ಉಳಿದದ್ದು ಹೊಗೆಯಂತೆ ನೀರಿನಲ್ಲಿ ಹರಡಿ, ಮರುದಿನದ ಹೊತ್ತಿಗೆ ತೊಟ್ಟಿ ಹಾಲು ಬೆರೆಸಿದಂತಾಗಿ, ಮೂವತ್ತು ಮರಿಗಳಲ್ಲಿ ಉಳಿದದ್ದು ನಾಲ್ಕೇ. ಅಂದಿನಿಂದ ಮೊದಲ ಎರಡು ವಾರ ಆರ್ಟೀಮಿಯಾವನ್ನೇ ಮುಖ್ಯ ಆಹಾರವಾಗಿ ಕೊಡುತ್ತಿದ್ದೇನೆ.

ಆರ್ಟೀಮಿಯಾ ಉಪ್ಪುನೀರಿನ ಸಣ್ಣ ಜೀವಿ. ಅದರ ಒಣಗಿದ ಮೊಟ್ಟೆಗಳು ಕಂದು ಪುಡಿಯಂತೆ ಸಣ್ಣ ಡಬ್ಬಿಗಳಲ್ಲಿ ಸಿಗುತ್ತವೆ. ಎರಡು ಲೀಟರಿನ ತಂಪುಪಾನೀಯದ ಬಾಟಲಿಯ ತಳ ಕತ್ತರಿಸಿ, ಮುಚ್ಚಳ ಬಿಗಿಯಾಗಿ ಹಾಕಿ ತಲೆಕೆಳಗಾಗಿ ನಿಲ್ಲಿಸಿ. ಒಂದು ಲೀಟರ್ ನೀರಿಗೆ 25 ಗ್ರಾಂ ಕಲ್ಲುಪ್ಪು ಕರಗಿಸಿ, ಕಾಲು ಚಮಚದಷ್ಟು ಮೊಟ್ಟೆ ಹಾಕಿ, ಗಾಳಿಯ ಕೊಳವೆಯನ್ನು ತಳದವರೆಗೂ ಇಳಿಸಿ ಜೋರಾಗಿ ಗುಳ್ಳೆ ಬರಿಸಿ. ಹತ್ತಿರದಲ್ಲಿ ಒಂದು ದೀಪ ಉರಿಯುತ್ತಿರಲಿ. 26ರಿಂದ 28 ಡಿಗ್ರಿ ಬಿಸಿಯಲ್ಲಿ 24ರಿಂದ 36 ಗಂಟೆಗಳಲ್ಲಿ ಮೊಟ್ಟೆ ಒಡೆದು ನೀರು ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಆಗ ಗಾಳಿ ನಿಲ್ಲಿಸಿ ಹತ್ತು ನಿಮಿಷ ಬಿಟ್ಟರೆ ಖಾಲಿ ಸಿಪ್ಪೆಗಳು ಮೇಲೆ ತೇಲುತ್ತವೆ, ಒಡೆಯದ ಮೊಟ್ಟೆಗಳು ತಳ ಸೇರುತ್ತವೆ. ಬದಿಯಲ್ಲಿ ಟಾರ್ಚ್ ಹಿಡಿದರೆ ಜೀವಂತ ಮರಿಗಳೆಲ್ಲ ಬೆಳಕಿನತ್ತ ಬಂದು ಕಿತ್ತಳೆ ಮೋಡದಂತೆ ಗುಂಪುಗೂಡುತ್ತವೆ. ಅವನ್ನು ತೆಳು ಕೊಳವೆಯಿಂದ ಎಳೆದು, ದಟ್ಟ ನೇಯ್ಗೆಯ ಬಟ್ಟೆಯಲ್ಲಿ ಸೋಸಿ, ಸಿಹಿನೀರಿನಲ್ಲಿ ತೊಳೆದು ತೊಟ್ಟಿಗೆ ಹಾಕಿ. ಹೊತ್ತು ಕಳೆದಂತೆ ಅವುಗಳ ಮೈಯ ಸತ್ವ ಇಳಿಯುವುದರಿಂದ ಅಂದಂದೇ ಬಳಸುವುದು ಒಳಿತು.

ಹತ್ತು ನಿಮಿಷದ ನಂತರ ಗಾಜಿಗೆ ಕಣ್ಣು ಹತ್ತಿರ ತಂದು ನೋಡಿ: ಪಾರದರ್ಶಕವಾದ ಮರಿಯ ಹೊಟ್ಟೆ ಸಾಸಿವೆ ಗಾತ್ರದ ಕಿತ್ತಳೆ ಗುಂಡಾಗಿ ಕಂಡರೆ ಅದಕ್ಕೆ ಊಟ ಸಿಕ್ಕಿದೆ. ಎಲ್ಲ ಹೊಟ್ಟೆಗಳೂ ಕಿತ್ತಳೆಯಾದ ಮೇಲೆ ಮತ್ತೆ ಹಾಕಬಾರದು. ದಿನಕ್ಕೆ ಮೂರು ನಾಲ್ಕು ಸಲ, ಐದು ನಿಮಿಷಗಳಲ್ಲಿ ತಿಂದು ಮುಗಿಸುವಷ್ಟು ಮಾತ್ರ ಕೊಡಿ. ಆರ್ಟೀಮಿಯಾ ಸಿಗದಿದ್ದರೆ ಒಳ್ಳೆಯ ಮೀನಿನ ಆಹಾರವನ್ನು ಬೆರಳಿನಲ್ಲಿ ಹಿಟ್ಟಿನಂತೆ ಹೊಸಕಿ ಉದುರಿಸಬಹುದು. ಬೆಳವಣಿಗೆ ನಿಧಾನವಾದರೂ ಮರಿಗಳು ಉಳಿಯುತ್ತವೆ.

ದಿನನಿತ್ಯದ ಕೆಲಸ

ಎರಡು ದಿನಕ್ಕೊಮ್ಮೆ ಐದನೆಯ ಒಂದು ಭಾಗ ನೀರು ತೆಗೆದು, ಅದೇ ಬಿಸಿಯ, ಮೊದಲೇ ಕ್ಲೋರಿನ್ ಕಳೆದಿಟ್ಟ ನೀರನ್ನು ನಿಧಾನವಾಗಿ ತುಂಬಿ. ನೀರು ತೆಗೆಯಲು ಏರ್ ಪಂಪಿನ ಸಪೂರ ಕೊಳವೆಯೇ ಸಾಕು; ಅದರಿಂದ ತಳದ ಕಸವನ್ನು ಬಿಳಿಯ ಬಕೆಟ್ಟಿಗೆ ಎಳೆದು, ಚೆಲ್ಲುವ ಮೊದಲು ಮರಿ ಬಂದಿದೆಯೇ ಎಂದು ನೋಡಿ. ಸ್ಪಾಂಜನ್ನು ತೊಳೆಯಬೇಕಾದಾಗ ಹೀಗೆ ತೆಗೆದ ನೀರಿನಲ್ಲೇ ಎರಡು ಸಲ ಹಿಂಡಿ; ನಲ್ಲಿಯ ಕೆಳಗೆ ಹಿಡಿದರೆ ತಿಂಗಳುಗಟ್ಟಲೆ ಬೆಳೆಸಿದ ಬ್ಯಾಕ್ಟೀರಿಯಾಗಳು ಕ್ಲೋರಿನ್‌ಗೆ ಬಲಿಯಾಗುತ್ತವೆ.

ನಾಲ್ಕನೆಯ ವಾರದ ಸುಮಾರಿಗೆ ಗಂಡುಗಳ ಹೊಟ್ಟೆಯ ಕೆಳಗಿನ ಹಿಂದಿನ ಈಜುರೆಕ್ಕೆ ಕಡ್ಡಿಯಂತೆ ಸಪೂರವಾಗುತ್ತದೆ, ಬಾಲದಲ್ಲಿ ಬಣ್ಣದ ಸುಳಿವು ಮೂಡುತ್ತದೆ. ಆಗಲೇ ಗಂಡು ಹೆಣ್ಣುಗಳನ್ನು ಬೇರ್ಪಡಿಸದಿದ್ದರೆ ಮರಿಗಳೇ ಮರಿ ಹಾಕತೊಡಗಿ ತೊಟ್ಟಿ ಕಿಕ್ಕಿರಿಯುತ್ತದೆ. ಹೆಚ್ಚಾದವನ್ನು ಗೆಳೆಯರಿಗೆ, ಅಕ್ವೇರಿಯಂ ಅಂಗಡಿಗೆ ಕೊಡಿ. ಕೆರೆಗೋ ಹಳ್ಳಕ್ಕೋ ಬಿಡಬೇಡಿ. ಸೊಳ್ಳೆ ಮರಿಗಳನ್ನು ತಿನ್ನುತ್ತದೆಂದು ಆರೋಗ್ಯ ಇಲಾಖೆ ನೀರಿನ ತೊಟ್ಟಿಗಳಿಗೆ ಗಪ್ಪಿ ಬಿಡುವುದುಂಟು, ಆದರೆ ಇದು ದಕ್ಷಿಣ ಅಮೆರಿಕದ ಮೀನು. ಹರಿಯುವ ನೀರಿಗೆ ಸೇರಿದರೆ ನಮ್ಮ ಹಳ್ಳಗಳ ಪುಟ್ಟ ಮೀನುಗಳ ಆಹಾರಕ್ಕೂ ಮರಿಗಳಿಗೂ ಕುತ್ತು ತರಬಲ್ಲದು.

ಎಂಟು ವಾರ ತುಂಬಿ, ದೊಡ್ಡ ಮೀನಿನ ಬಾಯಿಗೆ ಹಿಡಿಯದಷ್ಟು ಬೆಳೆದ ಮೇಲೆ ಮರಿಗಳನ್ನು ಮುಖ್ಯ ಅಕ್ವೇರಿಯಂಗೆ ಸೇರಿಸಬಹುದು. ತೊಟ್ಟಿ ಖಾಲಿಯಾಯಿತೆಂದು ಪಂಪ್ ಆರಿಸಬೇಡಿ. ಗಪ್ಪಿ ಹೆಣ್ಣು ಒಮ್ಮೆ ಕೂಡಿದ ಗಂಡಿನ ವೀರ್ಯವನ್ನು ತಿಂಗಳುಗಟ್ಟಲೆ ಒಡಲಲ್ಲಿ ಕಾಯ್ದಿಟ್ಟುಕೊಳ್ಳುವುದರಿಂದ, ಗಂಡಿಲ್ಲದಿದ್ದರೂ ಅದು ಮತ್ತೆ ಮತ್ತೆ ಮರಿ ಹಾಕುತ್ತದೆ. ಫಿಲ್ಟರ್ ಓಡುತ್ತಿರಲಿ, ದಿನಕ್ಕೊಂದು ಚಿಟಿಕೆ ಆಹಾರ ಬೀಳುತ್ತಿರಲಿ. ಮುಂದಿನ ಸೂಲಿಗೆ ನೀರು ಹದವಾಗಿಯೇ ಇರುತ್ತದೆ.