ಕೀ ಮಾರುವುದು ಬಿಟ್ಟೆ, ಸಂಪಾದನೆ ಬಿಡಲಿಲ್ಲ: ಮನೆ ಕಂಪ್ಯೂಟರಿನ ಆಂಟಿವೈರಸ್, ನನ್ನ ಅನುಭವ

ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ ಸುತ್ತ ಮನೆ ಮನೆಗೆ ಹೋಗಿ ಕಂಪ್ಯೂಟರ್ ಸರ್ವಿಸ್ ಮಾಡುವವನು ನಾನು. ಈ ಲೈನ್‌ನಲ್ಲಿ ಇರುವವರಿಗೆ ಆಂಟಿವೈರಸ್ ಕೀ, ಅಂದರೆ ವರ್ಷಕ್ಕೊಮ್ಮೆ ಕೊಂಡು ಹಾಕುವ ಲೈಸೆನ್ಸ್ ನಂಬರ್, ಸುಲಭದ ದುಡ್ಡು ಅಂತ ಗೊತ್ತು. ಎಸ್‌ಪಿ ರೋಡ್‌ನಲ್ಲಿ 250-300ಕ್ಕೆ ತಂದು ಕಸ್ಟಮರ್‌ಗೆ 600-700ಕ್ಕೆ ಕೊಡುತ್ತಿದ್ದೆ. ಡಬ್ಬದ ಮೇಲಿನ ಎಂಆರ್‌ಪಿ ಇನ್ನೂ ಜಾಸ್ತಿ, ಹಾಗಾಗಿ ಅವರಿಗೂ ಖುಷಿ. ವರ್ಷ ತುಂಬಿದರೆ ಅದೇ ಮನೆಯಿಂದ ಮತ್ತೆ ಫೋನ್. ಇದನ್ನು ನಿಲ್ಲಿಸುತ್ತೇನೆ, ಎಲ್ಲರಿಗೂ ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ಸಾಕು ಅಂದಾಗ ಕೀ ಕೊಡುತ್ತಿದ್ದ ಅಂಗಡಿಯವರು, 'ಏನ್ ಗುರು, ಸಮಾಜ ಸೇವೆನಾ?' ಅಂತ ನಕ್ಕಿದ್ದರು. ಮೂರು ವರ್ಷದ ಮೇಲಾಯಿತು. ಸುಮಾರು ನೂರು ಮನೆಗಳಲ್ಲಿ ಹೀಗೇ ಸೆಟ್ ಮಾಡಿದ್ದೇನೆ. ಫೈಲ್ ಲಾಕ್ ಆಯ್ತು ಅಂತ ಅವುಗಳಲ್ಲಿ ಒಂದರಿಂದಲೂ ಫೋನ್ ಬಂದಿಲ್ಲ.

ನಮ್ಮವರೇ ಡಿಫೆಂಡರ್ ಅಂದರೆ ಮೂಗು ಮುರಿಯುವುದಕ್ಕೆ ಕಾರಣ ಇದೆ. 2012ರ ಕೊನೆಯಲ್ಲಿ ಡಿಫೆಂಡರ್‌ನ ಹಿಂದಿನ ರೂಪವಾದ ಮೈಕ್ರೋಸಾಫ್ಟ್ ಸೆಕ್ಯುರಿಟಿ ಎಸೆನ್ಷಿಯಲ್ಸ್‌ಗೆ ಆಂಟಿವೈರಸ್‌ಗಳನ್ನು ಪರೀಕ್ಷಿಸುವ ಜರ್ಮನಿಯ ಎವಿ-ಟೆಸ್ಟ್‌ನವರು ಸರ್ಟಿಫಿಕೇಟ್ ಕೊಡಲಿಲ್ಲ. ಆ ಕಾಲದಲ್ಲಿ ಕೆಲಸ ಕಲಿತವರ ತಲೆಯಲ್ಲಿ ಅದೇ ಕೂತುಬಿಟ್ಟಿದೆ. ಅವರ ಈಗಿನ ಪಟ್ಟಿ ತೆಗೆದು ನೋಡಿ, ದುಡ್ಡು ಕೊಟ್ಟು ತರುವವುಗಳ ಸಾಲಿನಲ್ಲೇ ಡಿಫೆಂಡರ್ ಕೂಡ ಇದೆ. ಇಂಥದ್ದೇ ಪರೀಕ್ಷೆ ಮಾಡುವ ಆಸ್ಟ್ರಿಯಾದ ಎವಿ-ಕಂಪ್ಯಾರಟಿವ್ಸ್ ಪಟ್ಟಿಯಲ್ಲಿ ಮಾತ್ರ ನೆಟ್ ಇಲ್ಲದಾಗ ಎಷ್ಟು ಹಿಡಿಯುತ್ತದೆ ಅನ್ನುವ ಕಾಲಂ ಬಿಡದೆ ನೋಡಬೇಕು. ಅಲ್ಲಿ ಡಿಫೆಂಡರ್ ಸ್ವಲ್ಪ ಮೆತ್ತಗೆ, ಯಾಕೆಂದರೆ ಅದು ಜಾಸ್ತಿ ನೆಚ್ಚಿಕೊಂಡಿರುವುದು ಕ್ಲೌಡನ್ನು, ಅಂದರೆ ನೆಟ್ ಮೂಲಕ ಕೇಳುವ ಕಂಪನಿಯ ಸರ್ವರನ್ನು. ನೆಟ್ ಇಲ್ಲದೆ ಬರೀ ಪೆನ್‌ಡ್ರೈವ್ ಮೇಲೆ ನಡೆಯುವ ಸಿಸ್ಟಂ ಸಿಕ್ಕರೆ ನಾನು ಈಗಲೂ ಚೆನ್ನೈನ ಕೆ7 ಅಥವಾ ಪುಣೆಯ ಕ್ವಿಕ್ ಹೀಲ್ ಹಾಕಿಸುತ್ತೇನೆ. ಅಪ್‌ಡೇಟ್ ಫೈಲ್ ಮಾತ್ರ ಆಗಾಗ ನಾವೇ ಒಯ್ದು ಹಾಕಬೇಕು.

ಕೀ ಮೇಲಿನ ನಂಬಿಕೆ ಹೋಗಿದ್ದು ಪರೀಕ್ಷೆಯ ಪಟ್ಟಿ ನೋಡಿ ಅಲ್ಲ. ಬಸವೇಶ್ವರನಗರದಲ್ಲಿ ಮನೆಯಿಂದಲೇ ಲೆಕ್ಕಪತ್ರ ನೋಡುವ ಒಬ್ಬರಿದ್ದರು. ದುಡ್ಡು ಕೊಟ್ಟ ಆಂಟಿವೈರಸ್ ಇತ್ತು, ಅವಧಿಯೂ ಬಾಕಿ ಇತ್ತು. ಒಂದು ದಿನ ಎಲ್ಲಾ ಫೈಲಿನ ಹೆಸರಿನ ಬಾಲಕ್ಕೆ ನಾಲ್ಕು ಅಕ್ಷರ ಸೇರಿಕೊಂಡಿದೆ, ಪ್ರತಿ ಫೋಲ್ಡರ್‌ನಲ್ಲೂ ದುಡ್ಡು ಕೇಳುವ ಒಂದು ನೋಟ್ ಇದೆ. ಮಗ ಯಾವುದೋ ವೀಡಿಯೊ ಎಡಿಟಿಂಗ್ ಸಾಫ್ಟ್‌ವೇರಿನ ಕ್ರ್ಯಾಕ್, ಅಂದರೆ ದುಡ್ಡು ಕೊಡದೆ ಓಡಿಸುವ ಕಳ್ಳ ಪ್ರತಿ, ಹಾಕಿದ್ದ. ಅದರ ಮೊದಲ ಸೂಚನೆಯೇ 'ಆಂಟಿವೈರಸ್ ಆಫ್ ಮಾಡಿ'. ಮಾಡಿದ್ದಾನೆ. ಬಂದಿದ್ದು ಫೈಲ್ ಲಾಕ್ ಮಾಡಿ ದುಡ್ಡು ಕೇಳುವ, ಸ್ಟಾಪ್ ಜಾತಿಯ ರ‍್ಯಾನ್ಸಮ್‌ವೇರ್. ಎಂಸಿಸಾಫ್ಟ್‌ನವರ ಉಚಿತ ಡಿಕ್ರಿಪ್ಟರ್, ಅಂದರೆ ಲಾಕ್ ಬಿಚ್ಚುವ ಟೂಲ್, ಆಫ್‌ಲೈನ್ ಕೀಯಲ್ಲಿ (ಹಲವರಿಗೆ ಒಂದೇ ಇರುವ ಬೀಗದ ಕೀ) ಲಾಕ್ ಆಗಿ, ಆ ಕೀ ಅವರಿಗೆ ಸಿಕ್ಕಿದ್ದರೆ ಕೆಲಸ ಮಾಡುತ್ತದೆ. ಇವರದು ಆನ್‌ಲೈನ್ ಕೀ, ಒಬ್ಬೊಬ್ಬರಿಗೆ ಒಂದೊಂದು. ನನಗೆ ಎರಡು ರಾತ್ರಿ ನಿದ್ದೆ ಇಲ್ಲ, ಅವರಿಗೆ ಎರಡು ವರ್ಷದ ಲೆಕ್ಕ ಇಲ್ಲ. ನಾನು ಸರ್ವಿಸ್ ಚಾರ್ಜ್ ತಗೊಳ್ಳಲಿಲ್ಲ, ತಗೊಳ್ಳೋಕೆ ಮುಖವೂ ಇರಲಿಲ್ಲ.

ಆಮೇಲೆ ಬರುವ ಕರೆಗಳನ್ನೆಲ್ಲ ಒಂದು ಪುಸ್ತಕದಲ್ಲಿ ಬರೆಯುತ್ತಾ ಹೋದೆ. 'ವೈರಸ್ ಬಂದಿದೆ' ಅನ್ನುವ ಕರೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕ್ರೋಮ್ ನೋಟಿಫಿಕೇಷನ್. ಯಾವುದೋ ಸೈಟ್‌ನಲ್ಲಿ 'ಅಲೋ' ಒತ್ತಿರುತ್ತಾರೆ, ಬಲಗಡೆ ಕೆಳಗೆ 'ನಿಮ್ಮ ಪಿಸಿಯಲ್ಲಿ 5 ವೈರಸ್' ಅಂತ ಬರುತ್ತಿರುತ್ತದೆ. ಯಾವ ಕೀ ಹಾಕಿದರೂ ಅದು ನಿಲ್ಲಲ್ಲ. ಸೈಟ್ ಸೆಟ್ಟಿಂಗ್ಸ್‌ಗೆ ಹೋಗಿ ಆ ಸೈಟುಗಳನ್ನು ತೆಗೆದರೆ ಎರಡು ನಿಮಿಷದ ಕೆಲಸ. ಎರಡನೆಯದು ಜೆರಾಕ್ಸ್ ಅಂಗಡಿಯ ಪೆನ್‌ಡ್ರೈವ್: ಫೋಲ್ಡರ್ ಎಲ್ಲಾ ಶಾರ್ಟ್‌ಕಟ್ ಆಗಿರುತ್ತದೆ, ಅಡಗಿದ ಫೈಲನ್ನು ಕಾಣಿಸುವ ಆಟ್ರಿಬ್ ಕಮಾಂಡ್ ಹಾಕಿ ವಾಪಸ್ ತರುವುದು ನಿಮಗೂ ಗೊತ್ತು. ಮೂರನೆಯದು ಕ್ರ್ಯಾಕ್. ಫೋನ್ ಮಾಡಿ ಸ್ಕ್ರೀನ್ ಶೇರಿಂಗ್ ಆ್ಯಪ್ ಹಾಕಿಸಿ ದುಡ್ಡು ಹೊಡೆಯುವವರದು ನಾಲ್ಕನೆಯದು. ಅಲ್ಲಿ ಮನೆಯವರೇ ಬಾಗಿಲು ತೆಗೆಯುವಾಗ ಆಂಟಿವೈರಸ್ ಏನು ಮಾಡುತ್ತೆ? ಅವರಿಗೆಲ್ಲ ಮಾನಿಟರ್ ಅಂಚಿಗೆ ಸೈಬರ್ ವಂಚನೆ ದೂರು ಕೊಡುವ 1930 ನಂಬರ್ ಬರೆದು ಅಂಟಿಸಿ ಬರುತ್ತೇನೆ.

ಈ ಪುಸ್ತಕ ನೋಡಿಯೇ ನನ್ನ ಸೆಟಪ್ ಹುಟ್ಟಿದ್ದು. ಮೊದಲು ಹಳೇದನ್ನು ಕಿತ್ತುಹಾಕುವುದು. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಾಗಿ ಟ್ರಯಲ್ ಆಂಟಿವೈರಸ್ ಬರುತ್ತದೆ. ಅದು ಇರುವಷ್ಟು ದಿನ ಡಿಫೆಂಡರ್ ಪಕ್ಕಕ್ಕೆ ಸರಿದು ಕೂತಿರುತ್ತದೆ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ತೆಗೆದರೆ ಚೂರುಪಾರು ಉಳಿಯುತ್ತದೆ, ಆಯಾ ಕಂಪನಿಯ ರಿಮೂವಲ್ ಟೂಲೇ ಬೇಕು. ಆಮೇಲೆ ಬೇರೆ ಪ್ರೋಗ್ರಾಂ ಬಂದು ಡಿಫೆಂಡರನ್ನು ಆಫ್ ಮಾಡದಂತೆ ತಡೆಯುವ ಟ್ಯಾಂಪರ್ ಪ್ರೊಟೆಕ್ಷನ್ ಆನ್ ಇದೆಯಾ ನೋಡಿ, ಬೇಡದ ಆ್ಯಪ್ ತಡೆಯುವ ಎರಡೂ ಟಿಕ್ ಹಾಕುತ್ತೇನೆ. ಇನ್ನೊಂದು ವಿಷಯ ತುಂಬಾ ಜನ ಗಮನಿಸಿಲ್ಲ: ಫುಲ್ ಸ್ಕ್ಯಾನ್ ಕೊಟ್ಟರೂ ಡಿಫೆಂಡರ್ ಪೆನ್‌ಡ್ರೈವನ್ನು ಬಿಟ್ಟುಬಿಡುತ್ತದೆ. ಅದನ್ನು ಸರಿಮಾಡಲು ಪವರ್‌ಶೆಲ್ ಅನ್ನುವ, ವಿಂಡೋಸ್‌ಗೆ ಕಮಾಂಡ್ ಬರೆದು ಕೊಡುವ ಜಾಗದಲ್ಲಿ ಒಂದೇ ಒಂದು ಸಾಲು ಸಾಕು. ಆ ಸಾಲು ಇಲ್ಲಿ ಬರೆಯಲ್ಲ, ಹುಡುಕಿಕೊಳ್ಳಿ. ಎಲ್ಲಾ ಹೇಳಿಬಿಟ್ಟರೆ ನನ್ನ ಹತ್ತಿರ ಏನು ಉಳೀತು?

ಅಸಲಿ ಕೆಲಸ ಮಾಡುವುದು ಸ್ಟ್ಯಾಂಡರ್ಡ್ ಅಕೌಂಟ್, ಅಂದರೆ ಏನಾದರೂ ಇನ್‌ಸ್ಟಾಲ್ ಮಾಡಲು ಹೋದರೆ ಅಡ್ಮಿನ್ ಪಾಸ್‌ವರ್ಡ್ ಕೇಳುವ ಅಕೌಂಟ್. ಮನೆಯವರೆಲ್ಲ ಅದರಲ್ಲೇ ಇರಬೇಕು, ಅಡ್ಮಿನ್ ಬೇರೆ. ಇದಕ್ಕೆ ನಾನು ತಿಂದಷ್ಟು ಬೈಗುಳ ಇನ್ಯಾವುದಕ್ಕೂ ತಿಂದಿಲ್ಲ. ಮೊದಲ ಎರಡು ತಿಂಗಳು ರಾತ್ರಿ ಹತ್ತಕ್ಕೂ ಫೋನ್: 'ಅಣ್ಣಾ, ಗೇಮ್ ಇನ್‌ಸ್ಟಾಲ್ ಆಗ್ತಿಲ್ಲ, ಪಾಸ್‌ವರ್ಡ್ ಹೇಳಿ'. ಪಾಸ್‌ವರ್ಡ್ ನನ್ನ ಹತ್ತಿರವೇ ಇಟ್ಟುಕೊಂಡರೆ ನಾನು ವಾಚ್‌ಮನ್ ಆಗುತ್ತೇನೆ. ಮಕ್ಕಳ ಕೈಗೆ ಕೊಟ್ಟರೆ ಸುಮ್ನೆ ದಂಡ. ಕೊನೆಗೆ ಚೀಟಿಯಲ್ಲಿ ಬರೆದು ಅಮ್ಮಂದಿರ ಕೈಗೆ ಕೊಟ್ಟೆ, ಬೀರುವಿನಲ್ಲಿ ಗ್ಯಾಸ್ ಬುಕ್ ಜೊತೆ ಇಡಿ ಅಂದೆ. ಬೀರು ತೆಗೆಸುವಷ್ಟು ಅವಸರ ಯಾವ ಗೇಮಿಗೂ ಇರಲ್ಲ. ಕರೆಗಳು ನಿಂತವು.

ಡಿಫೆಂಡರ್‌ನಲ್ಲೇ ಇರುವ ಕಂಟ್ರೋಲ್ಡ್ ಫೋಲ್ಡರ್ ಆ್ಯಕ್ಸೆಸ್ ಬಗ್ಗೆ ಒಂದು ಮಾತು. 2017ರಿಂದ ವಿಂಡೋಸ್ 10ರಲ್ಲಿ ಇದೆ, ಆದರೆ ಆಫ್ ಆಗಿರುತ್ತದೆ. ಗೊತ್ತಿಲ್ಲದ ಪ್ರೋಗ್ರಾಂ ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಮುಟ್ಟದ ಹಾಗೆ ತಡೆಯುತ್ತದೆ. ಎಲ್ಲರ ಮನೆಯಲ್ಲೂ ಆನ್ ಮಾಡಿ ನೋಡಿದೆ, ನಡೆಯಲಿಲ್ಲ. ಹಳೇ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನಲ್ಲಿ ಮದುವೆ ಕಾಗದ ಬರೆಯುತ್ತಿದ್ದವರ ಫೈಲ್ ಸೇವ್ ಆಗದೆ ಹೋಯಿತು. ಫೋಟೋ ಸ್ಕ್ಯಾನ್ ಮಾಡುವವರದೂ ಇದೇ ಕಥೆ. ಈಗ ಲೆಕ್ಕಪತ್ರದವರಿಗೆ, ಟ್ಯೂಷನ್ ಮೇಷ್ಟರುಗಳಿಗೆ ಮಾತ್ರ ಹಾಕುತ್ತೇನೆ. ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿಯ ಡೇಟಾ ಡಾಕ್ಯುಮೆಂಟ್ಸ್ ಒಳಗೆ ಇರಲ್ಲ, ಆ ಫೋಲ್ಡರನ್ನು ಕೈಯಾರೆ ಸೇರಿಸಿ, ಟ್ಯಾಲಿಗೆ ಅನುಮತಿ ಕೊಡಿ. ಇಲ್ಲದಿದ್ದರೆ ಜಿಎಸ್‌ಟಿ ಕೊನೆ ದಿನ ನಿಮ್ಮ ಫೋನ್ ಸುಡುತ್ತದೆ.

ಇನ್ನು ದುಡ್ಡು. ಕೀಯಲ್ಲಿ ಉಳಿಯುತ್ತಿದ್ದುದು 350ರ ಆಚೀಚೆ. ಈಗ ಮೊದಲ ಸಲದ ಸೆಟಪ್‌ಗೆ 1,200 ತಗೊಳ್ಳುತ್ತೇನೆ. ವರ್ಷಕ್ಕೊಮ್ಮೆ ಚೆಕಪ್‌ಗೆ 500. 'ಆಂಟಿವೈರಸ್‌ಗೆ ವರ್ಷವರ್ಷ ಕೊಡುತ್ತಿದ್ದ ದುಡ್ಡು ಸೇರಿಸಿ, ಫೈಲ್ ಕಾಪಿ ಇಡೋಕೆ ಒಂದು ಹಾರ್ಡ್‌ಡಿಸ್ಕ್ ತಗೊಳ್ಳಿ' ಅನ್ನುತ್ತೇನೆ. 1 ಟಿಬಿ ಎಕ್ಸ್‌ಟರ್ನಲ್‌ಗೆ ನಾನು ತರುವಾಗ ನಾಲ್ಕು ಸಾವಿರದ ಸುತ್ತ ಇತ್ತು. ಅದರ ಮೇಲೆ ನನಗೆ ನೂರಿನ್ನೂರು ಸಿಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಭಾನುವಾರ ಚುಚ್ಚಬೇಕು, ಕಾಪಿ ಆದಮೇಲೆ ಕೀಳಬೇಕು. ಚುಚ್ಚಿಯೇ ಬಿಟ್ಟರೆ ರ‍್ಯಾನ್ಸಮ್‌ವೇರ್ ಅದನ್ನೂ ಲಾಕ್ ಮಾಡುತ್ತದೆ. ಈ ಸೆಟಪ್‌ಗೆ ಒಪ್ಪದೇ ಇದ್ದವರು ಹತ್ತರಲ್ಲಿ ಮೂವರು ಇರಬಹುದು, ಅವರು ಬೇರೆಯವರ ಹತ್ತಿರ ಕೀ ಹಾಕಿಸಿಕೊಂಡರು.

ಡಿಫೆಂಡರ್‌ನ ದೊಡ್ಡ ತೊಂದರೆ ಅದರ ಮೌನ. ಕೊಂಡ ಆಂಟಿವೈರಸ್ ದಿನಕ್ಕೆರಡು ಸಲ ಪಾಪ್‌ಅಪ್ ತೋರಿಸಿ 'ನಿಮ್ಮನ್ನು ಕಾಪಾಡಿದೆ' ಅನ್ನುತ್ತದೆ. ಇದು ಏನೂ ಹೇಳಲ್ಲ. 'ಕೆಲಸ ಮಾಡ್ತಿದ್ಯಾ ಇದು?' ಅಂತ ಹಿರಿಯರು ಕೇಳುತ್ತಾರೆ. ಅದಕ್ಕೆ ಆಂಟಿವೈರಸ್ ಪರೀಕ್ಷಿಸಲೆಂದೇ ಮಾಡಿರುವ, ಏನೂ ಹಾನಿ ಮಾಡದ ಐಕಾರ್ ಟೆಸ್ಟ್ ಫೈಲ್ ಇದೆಯಲ್ಲ, ಆ 68 ಅಕ್ಷರದ್ದು, ಅದನ್ನು ಅವರ ಎದುರೇ ನೋಟ್‌ಪ್ಯಾಡ್‌ನಲ್ಲಿ ಸೇವ್ ಮಾಡುತ್ತೇನೆ. ತಕ್ಷಣ ಕೆಂಪು ಎಚ್ಚರಿಕೆ ಬರುತ್ತದೆ. ಕಾಫಿ ಬರುವುದೂ ಆಗಲೇ.

ಸೈಟಿನ ಹೆಸರು ಕೊಟ್ಟರೆ ಅದರ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಮೇಲೂ ಸ್ವಲ್ಪ ಆಟ ಆಡಿದ್ದೇನೆ. ರೂಟರ್‌ನಲ್ಲೇ ಕ್ವಾಡ್‌9ನ 9.9.9.9 ಅಥವಾ ಕ್ಲೌಡ್‌ಫ್ಲೇರ್‌ನ 1.1.1.2 ಕೊಟ್ಟರೆ ಗೊತ್ತಿರುವ ಕೆಟ್ಟ ಸೈಟುಗಳು ಆ ವೈಫೈನಲ್ಲಿರುವ ಮನೆಯವರ ಫೋನ್‌ನಲ್ಲೂ ತೆರೆಯಲ್ಲ. ಆದರೆ ಕೆಲವು ಇಂಟರ್ನೆಟ್‌ನವರು ರೂಟರ್ ಪಾಸ್‌ವರ್ಡನ್ನೇ ಕೊಡಲ್ಲ. ಅಂಥ ಕಡೆ ಕಂಪ್ಯೂಟರ್‌ನಲ್ಲಷ್ಟೇ ಹಾಕಿ ಬರುತ್ತೇನೆ. ಬ್ರೌಸರ್‌ಗೆ ಫೈರ್‌ಫಾಕ್ಸ್ ಮತ್ತು ಜಾಹೀರಾತು ತಡೆಯುವ ಯುಬ್ಲಾಕ್ ಒರಿಜಿನ್. ಸುಳ್ಳು ಡೌನ್‌ಲೋಡ್ ಬಟನ್ ಕಾಣದೇ ಇದ್ದರೆ ಯಾರು ಒತ್ತುತ್ತಾರೆ? ಇದೊಂದರಿಂದಲೇ ಚಿಕ್ಕಪುಟ್ಟ ಕರೆಗಳು ಅರ್ಧ ಇಳಿದವು.

ಈಗಿನ ತಲೆನೋವು ಹಳೇ ಸಿಸ್ಟಂಗಳದು. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಡಿಫೆಂಡರ್‌ನ ವೈರಸ್ ಪಟ್ಟಿ 2028ರ ಅಕ್ಟೋಬರ್‌ವರೆಗೆ ಬರುತ್ತದೆ, ನಿಜ. ವಿಂಡೋಸ್‌ನ ತೂತುಗಳನ್ನು ಅದು ಮುಚ್ಚಲ್ಲ, ದುಡ್ಡಿನ ಆಂಟಿವೈರಸ್ಸೂ ಮುಚ್ಚಲ್ಲ. 'ಕೀ ಹಾಕಿಸಿದರೆ ಹಳೇ ವಿಂಡೋಸ್ ನಡೆಯುತ್ತೆ' ಅಂತ ಮಾರುತ್ತಿರುವವರು ಇದ್ದಾರೆ, ನನಗೆ ಅದು ಸರಿ ಕಾಣಲ್ಲ. ನಾಲ್ಕೈದು ಮನೆಯಲ್ಲಿ ವಿಂಡೋಸ್ ಬದಲು ಉಚಿತವಾಗಿ ಸಿಗುವ ಲಿನಕ್ಸ್ ಮಿಂಟ್ ಹಾಕಿ ನೋಡಿದೆ. ಬರೀ ಬ್ರೌಸರ್ ಸಾಕು ಅನ್ನುವ ನಿವೃತ್ತರು ಆರಾಮಾಗಿದ್ದಾರೆ. ಟ್ಯಾಲಿ ಬೇಕಾದವರಿಗೆ ಅದು ಆಗಲ್ಲ, ಡಿಜಿಟಲ್ ಸಹಿಯ ಡಾಂಗಲ್ ಇರುವವರಿಗೆ ಕಷ್ಟ. ಅವರಿಗೆ ಹೊಸ ಸಿಸ್ಟಂ ತಗೊಳ್ಳಿ ಅಂತಲೇ ಹೇಳುತ್ತಿದ್ದೇನೆ. ಅಲ್ಲಿಯವರೆಗೆ 2026ರ ಅಕ್ಟೋಬರ್ ತನಕ ಸಿಗುವ ಹೆಚ್ಚುವರಿ ಅಪ್‌ಡೇಟ್‌ಗೆ ನೋಂದಾಯಿಸಿ ಕೊಡುತ್ತಿದ್ದೇನೆ, ಅದಕ್ಕೆ ನಾನು ಬೇರೆ ಚಾರ್ಜ್ ತಗೊಳ್ಳಲ್ಲ.